ತೂಕವುಂಟು, ರಕ್ತವಿಲ್ಲ
ನಾಸಿಕ್ ಜಿಲ್ಲೆಯ ಸುರಗಾಣಾ, ಪೇಠ ತಾಲೂಕುಗಳ ಆದಿವಾಸಿ ಮಹಿಳೆಯರ ಅಪೌಷ್ಟಿಕತೆ ನಮಗೆ ಹಳೆಯ ಸುದ್ದಿ. ಬೊಜ್ಜಾದರೋ ಛತ್ರಪತಿ ಸಂಭಾಜಿನಗರದಂತಹ ಕೈಗಾರಿಕಾ ನಗರಗಳ ಚಿಂತೆಯೆಂದು ಭಾವಿಸಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ವಿಂಗಡಣೆಯನ್ನು ಒಪ್ಪುವುದಿಲ್ಲ. ಮಹಾರಾಷ್ಟ್ರದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 20.8 ಮಂದಿ ಕೃಶರು, ಶೇ. 23.4 ಮಂದಿ ಅಧಿಕ ತೂಕದವರು. ರಕ್ತಹೀನರು ಮಾತ್ರ ಶೇ. 54.2. ಕೃಶರೆಲ್ಲರೂ ರಕ್ತಹೀನರೆಂದೇ ಹಿಡಿದರೂ, ಒಟ್ಟು ಮಹಿಳೆಯರಲ್ಲಿ ಇನ್ನೂ ಮೂರನೇ ಒಂದು ಭಾಗ ತೂಕವಿದ್ದೂ ರಕ್ತವಿಲ್ಲದವರೇ.

ಅಕ್ಕಿ, ಗೋಧಿ, ಸಕ್ಕರೆ, ಎಣ್ಣೆ ಹೊಟ್ಟೆ ತುಂಬಿಸುತ್ತವೆ. ಬೇಳೆ, ಸೊಪ್ಪು, ಹಣ್ಣುಗಳಿಗೆ ಬಡವರ ಕೈಯಲ್ಲಿ ಕಾಸು ಉಳಿಯದು. ಊಟದೊಡನೆ ಕುಡಿಯುವ ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಆರೋಗ್ಯ ಶಿಬಿರಗಳಲ್ಲಿ (ನಮ್ಮ ಸಂಘಗಳ ಶಿಬಿರಗಳೂ ಹೊರತಲ್ಲ) ಸ್ಥೂಲಕಾಯದ ತಾಯಂದಿರಿಗೆ ಊಟ ಕಡಿಮೆ ಮಾಡಿರೆಂದಷ್ಟೇ ಹೇಳಿ ಕಳುಹಿಸುವುದುಂಟು. ತೂಕದೊಡನೆ ಹಿಮೋಗ್ಲೋಬಿನ್ ಪರೀಕ್ಷೆಯೂ ನಡೆಯಬೇಕೆಂಬುದು ನಮ್ಮ ಒತ್ತಾಯ.