ವಾರ್ಷಿಕ ಟ್ರೆಡ್‌ಮಿಲ್ ಪರೀಕ್ಷೆ: ಲಾಭ-ನಷ್ಟದ ಲೆಕ್ಕ

ಆರ್ಥಿಕ ವರ್ಷದ ಕೊನೆಯ ವಾರಗಳಲ್ಲಿ ಲೆಕ್ಕ ಪರಿಶೋಧಕರ ಕಚೇರಿಗೆ ಬರುವ ಕಾಗದಪತ್ರಗಳ ನಡುವೆ ಈಚೆಗೆ ಒಂದು ಬಗೆಯ ರಸೀದಿ ಹೆಚ್ಚು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದೆ. ಅದು ಖಾಸಗಿ ಆಸ್ಪತ್ರೆಗಳ ‘ಎಕ್ಸಿಕ್ಯೂಟಿವ್ ಹೆಲ್ತ್ ಚೆಕಪ್’ ರಸೀದಿ. 2012ರ ಹಣಕಾಸು ಕಾಯಿದೆಯು ಆದಾಯ ತೆರಿಗೆ ಕಾಯಿದೆಯ 80ಡಿ ಕಲಮಿನಲ್ಲಿ ಮುಂಜಾಗ್ರತಾ ಆರೋಗ್ಯ ತಪಾಸಣೆಗೆಂದು 5,000 ರೂಪಾಯಿಗಳವರೆಗಿನ ವಿನಾಯಿತಿಯನ್ನು ಸೇರಿಸಿತು. ನಗದಾಗಿ ಪಾವತಿಸಿದ್ದರೂ ಅದನ್ನು ಒಪ್ಪುವ ಉದಾರತೆಯನ್ನೂ ತೋರಿತು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗಷ್ಟೇ ಈ ಲಾಭ. ಆದರೆ ರಸೀದಿಗಳ ಮೊತ್ತ 5,000ದಲ್ಲಿ ನಿಲ್ಲುವುದಿಲ್ಲ. ರಕ್ತ ಪರೀಕ್ಷೆ, ಇ.ಸಿ.ಜಿ.ಗಳ ಜೊತೆಗೆ ಟ್ರೆಡ್‌ಮಿಲ್ ಪರೀಕ್ಷೆ, ಎಕೋ, ಕೆಲವೊಮ್ಮೆ ಹೃದಯದ ಸಿ.ಟಿ. ಸ್ಕ್ಯಾನ್ ಕೂಡ ಒಂದೇ ಪ್ಯಾಕೇಜಿನಲ್ಲಿ ಸೇರಿರುತ್ತವೆ. ಯಂತ್ರಗಳ ವಾರ್ಷಿಕ ನಿರ್ವಹಣಾ ಕರಾರಿನಂತೆ ಇದನ್ನೂ ವರ್ಷ ವರ್ಷ ನವೀಕರಿಸುವ ಉದ್ಯಮಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಯಂತ್ರವೆಂದಾಗ ಒಂದು ಮೊಕದ್ದಮೆ ನೆನಪಿಗೆ ಬರುತ್ತದೆ. ಹಿರಿಯ ನ್ಯಾಯವಾದಿ ಶಾಂತಿ ಭೂಷಣ್ ಅವರು ತಮ್ಮ ಹೃದಯದ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವೃತ್ತಿಯ ‘ಯಂತ್ರ’ದ ದುರಸ್ತಿ ವೆಚ್ಚವೆಂದು ಪರಿಗಣಿಸಬೇಕೆಂದು ಕೇಳಿದ್ದರು. 2011ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಯಂತ್ರವೆನ್ನುವುದಾದರೆ ಅದು ಆಸ್ತಿಯಾಗಿ ಲೆಕ್ಕದ ಪುಸ್ತಕದಲ್ಲಿ ಇರಬೇಕಾಗಿತ್ತು, ಅಲ್ಲದೆ ಹೃದಯವು ವೃತ್ತಿಗೆ ಮಾತ್ರವಲ್ಲ, ಬದುಕಿಗೇ ಬೇಕಾದುದು ಎಂಬುದು ತೀರ್ಪಿನ ತಿರುಳು. ಆದ್ದರಿಂದ ಸ್ವಂತ ಮಾಲೀಕತ್ವದ ವರ್ತಕರು ತಮ್ಮ ತಪಾಸಣೆಯ ಖರ್ಚನ್ನು ಅಂಗಡಿಯ ಖರ್ಚಿನಲ್ಲಿ ಬರೆಯುವ ಮುನ್ನ ಒಮ್ಮೆ ಯೋಚಿಸುವುದು ಒಳಿತು. ಆದರೆ ಈ ಲೇಖನದ ವಿಷಯ ತೆರಿಗೆಯಲ್ಲ. ಈ ಹಣಕ್ಕೆ ನಾವು ಕೊಳ್ಳುತ್ತಿರುವುದಾದರೂ ಏನು ಎಂಬುದು ನನ್ನ ಪ್ರಶ್ನೆ.

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ಕರೋನರಿ ಧಮನಿಗಳು ಕಿರಿದಾಗಿವೆಯೇ ಎಂದು ತಿಳಿಯಲು ಎರಡು ದಾರಿಗಳಿವೆ. ಒಂದು, ಹೃದಯಕ್ಕೆ ಶ್ರಮ ಕೊಟ್ಟು ಪೂರೈಕೆ ಸಾಲುತ್ತದೆಯೇ ಎಂದು ನೋಡುವುದು. ಟ್ರೆಡ್‌ಮಿಲ್ ಪರೀಕ್ಷೆ ಈ ಜಾತಿಯದು. ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ ರೂಪಿಸಿದ ಕ್ರಮದಲ್ಲಿ ಮೊದಲ ಮೂರು ನಿಮಿಷ ಗಂಟೆಗೆ 2.7 ಕಿ.ಮೀ. ವೇಗ, ಶೇಕಡಾ 10ರಷ್ಟು ಏರು. ನಂತರ ಪ್ರತಿ ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. 220ರಿಂದ ವಯಸ್ಸನ್ನು ಕಳೆದು ಬರುವ ಸಂಖ್ಯೆಯ ಶೇಕಡಾ 85ಕ್ಕೆ ನಾಡಿ ಬಡಿತ ಮುಟ್ಟಬೇಕೆಂಬುದು ಸಾಮಾನ್ಯ ಗುರಿ. ಶ್ರಮದ ವೇಳೆ ಇ.ಸಿ.ಜಿ.ಯ ರೇಖೆ ಕೆಳಗಿಳಿದರೆ ವರದಿ ‘ಪಾಸಿಟಿವ್’. ಶ್ರಮದ ಜೊತೆಗೆ ಎಕೋ ಮಾಡಿ ಹೃದಯದ ಗೋಡೆಯ ಚಲನೆಯನ್ನು ನೋಡುವುದು, ವಿಕಿರಣಶೀಲ ದ್ರವ್ಯವನ್ನು ರಕ್ತನಾಳಕ್ಕೆ ಕೊಟ್ಟು ಚಿತ್ರ ತೆಗೆಯುವುದು — ಜನರ ಬಾಯಲ್ಲಿ ಇಂದಿಗೂ ‘ಥ್ಯಾಲಿಯಂ ಪರೀಕ್ಷೆ’ — ಇವು ಅದರ ಸುಧಾರಿತ ರೂಪಗಳು. ಮಂಡಿನೋವಿನಿಂದ ನಡೆಯಲಾಗದವರಿಗೆ ಔಷಧಿಯ ಮೂಲಕವೇ ಹೃದಯಕ್ಕೆ ಶ್ರಮ ಕೊಡುತ್ತಾರೆ.

ಎರಡನೆಯ ದಾರಿ, ಧಮನಿಯನ್ನೇ ಚಿತ್ರದಲ್ಲಿ ನೋಡುವುದು. ಸಿ.ಟಿ. ಯಂತ್ರದಲ್ಲಿ ಧಮನಿಯ ಗೋಡೆಯಲ್ಲಿ ಕೂಡಿದ ಸುಣ್ಣದ ಅಂಶವನ್ನು ಅಳೆಯುವ ‘ಕ್ಯಾಲ್ಸಿಯಂ ಸ್ಕೋರ್’, ಅಯೋಡಿನ್ ದ್ರವ್ಯ ಕೊಟ್ಟು ಮಾಡುವ ಸಿ.ಟಿ. ಆಂಜಿಯೋಗ್ರಾಂ ಈ ವರ್ಗದವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ನಗದು ಹರಿವಿನ ತಖ್ತೆ, ಎರಡನೆಯದು ಆಸ್ತಿ-ಹೊಣೆ ಪಟ್ಟಿ. ಹಂಗಾಮಿನಲ್ಲಿ ಹಣ ಸಾಲುತ್ತದೆಯೇ ಎಂಬುದೂ ವರ್ಷಗಳಿಂದ ಕೂಡಿ ಬಂದ ಸಾಲವೆಷ್ಟು ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ದೊರೆತ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಲಾಗದು.

ಈಗ ಲೆಕ್ಕಕ್ಕೆ ಬರೋಣ. 24,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 1989ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಟ್ರೆಡ್‌ಮಿಲ್ ಪರೀಕ್ಷೆಯು ಧಮನಿ ರೋಗವಿರುವ 100 ಜನರಲ್ಲಿ ಸರಾಸರಿ 68 ಮಂದಿಯನ್ನು ಗುರುತಿಸುತ್ತದೆ. ರೋಗವಿಲ್ಲದ 100 ಜನರಲ್ಲಿ 77 ಮಂದಿಯನ್ನು ನಿರೋಗಿಗಳೆಂದು ಹೇಳುತ್ತದೆ. ಎದೆನೋವು, ಏದುಸಿರು ಯಾವುದೂ ಇಲ್ಲದ ಒಂದು ಸಾವಿರ ಸದಸ್ಯರು ಶಿಬಿರದಲ್ಲಿ ಪರೀಕ್ಷೆಗೆ ನಿಂತರೆಂದು ಭಾವಿಸಿ. ಅವರಲ್ಲಿ 50 ಜನರಿಗೆ ನಿಜವಾಗಿಯೂ ಗಣನೀಯ ಅಡಚಣೆ ಇದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಪರೀಕ್ಷೆ 34 ಜನರನ್ನು ಹಿಡಿಯುತ್ತದೆ, 16 ಜನರನ್ನು ಬಿಟ್ಟುಬಿಡುತ್ತದೆ. ಉಳಿದ 950 ನಿರೋಗಿಗಳಲ್ಲಿ ಸುಮಾರು 218 ಮಂದಿಗೆ ರೋಗವಿದೆ ಎನ್ನುತ್ತದೆ. ಅಂದರೆ ‘ಪಾಸಿಟಿವ್’ ಚೀಟಿ ಹಿಡಿದು ಹೊರಬರುವ ಏಳೆಂಟು ಜನರಲ್ಲಿ ಒಬ್ಬರಿಗೆ ಮಾತ್ರ ರೋಗ.

ಅದೇ ಪರೀಕ್ಷೆಯನ್ನು ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ, ನಿಂತರೆ ಸರಿಹೋಗುವ ಲಕ್ಷಣವುಳ್ಳ ಒಂದು ಸಾವಿರ ಜನರಿಗೆ ಮಾಡಿ, ಅವರಲ್ಲಿ ಅರ್ಧದಷ್ಟು ಮಂದಿಗೆ ರೋಗವಿದೆಯೆಂದು ಇಟ್ಟುಕೊಳ್ಳಿ. 340 ನಿಜವಾದ ಪಾಸಿಟಿವ್, 115 ಹುಸಿ. ಈಗ ನಾಲ್ಕರಲ್ಲಿ ಮೂರು ಚೀಟಿ ನಿಜ. ಯಂತ್ರ ಅದೇ, ತಂತ್ರಜ್ಞ ಅವನೇ, ದರವೂ ಅದೇ. ಬದಲಾದದ್ದು ಪರೀಕ್ಷೆಗೆ ನಿಂತವರು. ಲೆಕ್ಕ ಪರಿಶೋಧನೆಯಲ್ಲಿಯೂ ಹೀಗೆಯೇ. ದಾಸ್ತಾನಿನಲ್ಲಿ ಅನುಮಾನಕ್ಕೆ ಆಸ್ಪದವಿರುವ ಕಡೆ ನಾವು ಮಾದರಿ ಎಣಿಕೆಗೆ ಹೆಚ್ಚು ಬೆಲೆ ಕೊಡುತ್ತೇವೆ. ಅನುಮಾನವೇ ಇಲ್ಲದ ಕಡೆ ಕೆದಕಿದರೆ ಸಿಗುವುದು ಬಹುಪಾಲು ಬರವಣಿಗೆಯ ತಪ್ಪುಗಳು.

ಈ ಮಾತು ನನ್ನ ಸ್ವಂತದ್ದಲ್ಲ. ರೋಗಲಕ್ಷಣವಿಲ್ಲದವರಿಗೆ, ಅವರಲ್ಲಿ ಹೆಚ್ಚಿನ ಅಪಾಯದ ಗುರುತುಗಳು ಇಲ್ಲದಿದ್ದರೆ, ಶ್ರಮದ ಜೊತೆಗಿನ ಚಿತ್ರಣ ಪರೀಕ್ಷೆ ಬೇಡವೆಂದು ಅಮೆರಿಕದ ಹೃದ್ರೋಗ ತಜ್ಞರ ಕಾಲೇಜೇ 2012ರಲ್ಲಿ ಹೇಳಿದೆ. ಕಡಿಮೆ ಅಪಾಯದ ವಯಸ್ಕರಲ್ಲಿ ಇ.ಸಿ.ಜಿ. ಮತ್ತು ಟ್ರೆಡ್‌ಮಿಲ್ ಮೂಲಕ ರೋಗ ಹುಡುಕುವುದು ಬೇಡವೆಂದು ಅಲ್ಲಿನ ಮುಂಜಾಗ್ರತಾ ಸೇವೆಗಳ ಕಾರ್ಯಪಡೆ 2018ರಲ್ಲಿ ಶಿಫಾರಸು ಮಾಡಿದೆ.

ಹುಸಿ ಪಾಸಿಟಿವ್‌ನಿಂದ ನಷ್ಟವೇನು, ಸಂಶಯ ನಿವಾರಣೆಯಾಯಿತಲ್ಲ ಎಂದು ಕೇಳುವವರಿದ್ದಾರೆ. ನನ್ನ ಕಕ್ಷಿದಾರರಾದ ಹತ್ತಿ ವ್ಯಾಪಾರಿಯೊಬ್ಬರು ದಿನಾ ಐದು ಕಿ.ಮೀ. ನಡೆಯುವವರು. ಸೊಸೆ-ಮಗನ ಒತ್ತಾಯಕ್ಕೆ ಪ್ಯಾಕೇಜು ಮಾಡಿಸಿದರು. ಟ್ರೆಡ್‌ಮಿಲ್ ವರದಿ ಪಾಸಿಟಿವ್ ಬಂತು. ಅಂದೇ ದಾಖಲಾಗಿ ಮರುದಿನ ಆಂಜಿಯೋಗ್ರಾಂ ಮಾಡಿಸಿಕೊಳ್ಳುವಂತೆ ಸಲಹೆ ಬಂತು. ಅವರು ಬೇರೊಬ್ಬ ವೈದ್ಯರ ಬಳಿ ಹೋಗಿ, ಸಿ.ಟಿ. ಮಾಡಿಸಿದಾಗ ಧಮನಿಗಳು ಸ್ವಚ್ಛವಾಗಿದ್ದವು. ನಷ್ಟ ಹಣದ್ದಷ್ಟೇ ಅಲ್ಲ. ಆ ಹದಿನೈದು ದಿನ ಅವರು ಖರೀದಿಗೆ ಹೋಗಲಿಲ್ಲ. ವಿಲ್ ಬರೆಸಲು ನನ್ನನ್ನು ಕರೆಸಿದರು. ಮುಂದೆ ವಿಮೆಯ ಅರ್ಜಿಯಲ್ಲಿ ಹಿಂದಿನ ಅಸಹಜ ವರದಿಗಳ ಕುರಿತ ಪ್ರಶ್ನೆಗೆ ‘ಹೌದು’ ಎಂದು ಬರೆಯಬೇಕಾಯಿತು. ಇವನ್ನೆಲ್ಲ ಪ್ಯಾಕೇಜಿನ ದರಪಟ್ಟಿಯಲ್ಲಿ ಯಾರೂ ಕಾಣಿಸುವುದಿಲ್ಲ.

ರೋಗ ನಿಜವಾಗಿಯೂ ಇದೆಯೆಂದೇ ಇಟ್ಟುಕೊಳ್ಳಿ. ಆಗಲೂ ಅವಸರದ ಸ್ಟೆಂಟ್ ಅಗತ್ಯವೇ? 37 ದೇಶಗಳ 5,179 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನ ಇದನ್ನೇ ಪರಿಶೀಲಿಸಿತು. ಭಾರತದ ರೋಗಿಗಳೂ ಅದರಲ್ಲಿದ್ದರು. ಶ್ರಮ ಪರೀಕ್ಷೆಯಲ್ಲಿ ಮಧ್ಯಮ ಇಲ್ಲವೆ ತೀವ್ರ ಕೊರತೆ ಕಂಡುಬಂದಿದ್ದರೂ ಸ್ಥಿರ ಸ್ಥಿತಿಯಲ್ಲಿದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲೇ ಆಂಜಿಯೋಗ್ರಾಂ ಮತ್ತು ಅಗತ್ಯವಿದ್ದರೆ ಸ್ಟೆಂಟ್ ಅಥವಾ ಬೈಪಾಸ್, ಇನ್ನೊಂದಕ್ಕೆ ಮೊದಲು ಔಷಧಿ ಮಾತ್ರ ನೀಡಲಾಯಿತು. ಮೂರು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಸಾವು, ಹೃದಯಾಘಾತ ಮೊದಲಾದವುಗಳ ಒಟ್ಟು ಲೆಕ್ಕದಲ್ಲಿ ಮೊದಲ ಗುಂಪಿಗೆ ಮೇಲುಗೈ ಸಿಗಲಿಲ್ಲ. ಎದೆನೋವಿನಿಂದ ನರಳುತ್ತಿದ್ದವರಿಗೆ ನೋವು ಕಡಿಮೆಯಾದದ್ದು ನಿಜ, ಅದು ಸಣ್ಣ ಲಾಭವಲ್ಲ. ಎಡ ಮುಖ್ಯ ಧಮನಿಯ ಅಡಚಣೆಯುಳ್ಳವರನ್ನೂ ಹೃದಯದ ಶಕ್ತಿ ತೀರ ಕುಂದಿದವರನ್ನೂ ಈ ಅಧ್ಯಯನದಿಂದ ಹೊರಗಿಡಲಾಗಿತ್ತೆಂಬುದನ್ನು ಮರೆಯಬಾರದು. ಹೃದಯಾಘಾತ ಆಗುತ್ತಿರುವಾಗ ಮಾಡುವ ಆಂಜಿಯೋಪ್ಲಾಸ್ಟಿಯ ಮಾತೂ ಸಂಪೂರ್ಣ ಬೇರೆ. ಅಲ್ಲಿ ಅದು ಜೀವ ಉಳಿಸುತ್ತದೆ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧಿ ಬೆಲೆ ಪ್ರಾಧಿಕಾರವು ಲಕ್ಷ ರೂಪಾಯಿ ಮೀರಿ ಮಾರಾಟವಾಗುತ್ತಿದ್ದ ಔಷಧಿ ಲೇಪಿತ ಸ್ಟೆಂಟಿಗೆ 29,600 ರೂಪಾಯಿಗಳ ಮಿತಿ ಹಾಕಿದಾಗ ನಾವೆಲ್ಲ ಸ್ವಾಗತಿಸಿದೆವು. ವಸ್ತುವಿನ ಬೆಲೆ ಇಳಿಯಿತು. ಅದು ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಯಾವ ಅಧಿಸೂಚನೆಯೂ ಉತ್ತರಿಸಲಾರದು.

ಹುಸಿ ಭಯಕ್ಕಿಂತ ಹುಸಿ ಧೈರ್ಯ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಟ್ರೆಡ್‌ಮಿಲ್ ಪರೀಕ್ಷೆ ರಕ್ತದ ಹರಿವಿಗೆ ಅಡ್ಡಿಯಾಗುವಷ್ಟು ಕಿರಿದಾದ ಧಮನಿಯನ್ನು ಮಾತ್ರ ಸೂಚಿಸಬಲ್ಲದು. ಅನೇಕ ಹೃದಯಾಘಾತಗಳು ಅಷ್ಟೇನೂ ಕಿರಿದಾಗದ ಧಮನಿಯಲ್ಲಿನ ಕೊಬ್ಬಿನ ಗಡ್ಡೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ ಉಂಟಾಗುತ್ತವೆ. ನಿನ್ನೆ ‘ನೆಗೆಟಿವ್’ ಬಂದವರಿಗೆ ಇಂದು ಆಘಾತವಾಗಬಾರದೆಂಬ ನಿಯಮವಿಲ್ಲ. ಆದರೂ ಆ ಚೀಟಿಯನ್ನು ಗೋಡೆಗೆ ತೂಗುಹಾಕಿದಂತೆ ಮನಸ್ಸಿನಲ್ಲಿ ತೂಗುಹಾಕಿಕೊಂಡು, ಸಿಗರೇಟು ಮುಂದುವರಿಸಿ, ರಕ್ತದೊತ್ತಡದ ಮಾತ್ರೆ ಬಿಟ್ಟು, ಎದೆ ಭಾರವಾದಾಗ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಅಂಗಡಿ ಬಾಗಿಲು ಹಾಕುವವರೆಗೆ ಕಾಯುವವರನ್ನು ನಾವೆಲ್ಲರೂ ಬಲ್ಲೆವು.

ಹಾಗೆಂದು ಚಿತ್ರಣ ಪರೀಕ್ಷೆಗಳನ್ನು ನಾನು ಹಳಿಯುತ್ತಿಲ್ಲ. ಸ್ಕಾಟ್ಲೆಂಡಿನಲ್ಲಿ ಎದೆನೋವೆಂದು ಬಂದ 4,146 ಜನರಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ತಪಾಸಣೆಯೊಂದಿಗೆ ಸಿ.ಟಿ. ಆಂಜಿಯೋಗ್ರಾಂ ಮಾಡಲಾಯಿತು. 2018ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದಲ್ಲಿ ಹೃದ್ರೋಗದ ಸಾವು ಅಥವಾ ಹೃದಯಾಘಾತ ಆ ಗುಂಪಿನಲ್ಲಿ ಶೇಕಡಾ 2.3, ಇನ್ನೊಂದರಲ್ಲಿ 3.9. ಶಸ್ತ್ರಕ್ರಿಯೆಗಳ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಚಿತ್ರ ನೋಡಿದ ಮೇಲೆ ಸರಿಯಾದವರಿಗೆ ಸರಿಯಾದ ಔಷಧಿ ಆರಂಭವಾದುದೇ ಲಾಭಕ್ಕೆ ಮುಖ್ಯ ಕಾರಣವೆಂದು ತಿಳಿಯಲಾಗಿದೆ. ಅವರು ಲಕ್ಷಣ ಇದ್ದವರು ಎಂಬುದನ್ನು ಗಮನಿಸಬೇಕು. ಇದಕ್ಕೆ ಪ್ರತಿಯಾಗಿ ಡೆನ್ಮಾರ್ಕಿನಲ್ಲಿ 65ರಿಂದ 74 ವರ್ಷದ 46,611 ಗಂಡಸರ ಅಧ್ಯಯನದಲ್ಲಿ ಒಂದು ಭಾಗದವರನ್ನು ಸಿ.ಟಿ. ಸೇರಿದ ಸಾಮೂಹಿಕ ತಪಾಸಣೆಗೆ ಕರೆದು ನೋಡಿದಾಗ, 2022ರ ವರದಿಯಂತೆ, ಒಟ್ಟು ಸಾವಿನಲ್ಲಿ ನಿಶ್ಚಿತವೆನ್ನಬಹುದಾದ ಇಳಿಕೆ ಕಂಡುಬರಲಿಲ್ಲ. ಸ್ಟ್ಯಾಟಿನ್ ಮಾತ್ರೆ ಆರಂಭಿಸಬೇಕೇ ಬೇಡವೇ ಎಂದು ವೈದ್ಯರೇ ತೂಗುತ್ತಿರುವವರಿಗೆ ಕ್ಯಾಲ್ಸಿಯಂ ಸ್ಕೋರ್ ನೆರವಾಗಬಲ್ಲದು. ಅದನ್ನು ವೈದ್ಯರು ಕೇಳಬೇಕೇ ಹೊರತು ಪ್ಯಾಕೇಜು ಕೇಳಬಾರದು.

ನಮ್ಮ ಜನರಿಗೆ ಹೃದ್ರೋಗ ಬೇಗ ಬರುತ್ತದೆಂಬುದು ಸುಳ್ಳಲ್ಲ. 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸುಮಾರು 53 ಇದ್ದರೆ ಇತರರಲ್ಲಿ ಸುಮಾರು 59. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ನಿಧನರಾದ ನಂತರವೂ, 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗಲೂ ಜಯದೇವ ಆಸ್ಪತ್ರೆಯ ಮುಂದೆ ನಿಂತ ಸಾಲುಗಳನ್ನು ನಾವು ಕಂಡಿದ್ದೇವೆ. ಆ ಭಯ ಸಹಜ. ಆದರೆ ಹೃದಯಾಘಾತದ ಅಪಾಯದ ಶೇಕಡಾ 90ರಷ್ಟು ಭಾಗಕ್ಕೆ ತಂಬಾಕು, ರಕ್ತದೊತ್ತಡ, ಮಧುಮೇಹ, ರಕ್ತದ ಕೊಬ್ಬು, ಬೊಜ್ಜು ಮುಂತಾದ ಒಂಬತ್ತು ಅಂಶಗಳೇ ಕಾರಣವೆಂದೂ ಅದೇ ಇಂಟರ್‌ಹಾರ್ಟ್ ಹೇಳಿತು. ಇವನ್ನು ಅಳೆಯಲು ಒಂದು ಪಟ್ಟಿ, ಒಂದು ತಕ್ಕಡಿ, ಸ್ವಲ್ಪ ರಕ್ತ ಸಾಕು.

ಇನ್ನೊಂದು ಅಂಕಿಯನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇನೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರ ನೇತೃತ್ವದಲ್ಲಿ ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ಮಾಹಿತಿ ಕಲೆಹಾಕಿ 2008ರಲ್ಲಿ ಪ್ರಕಟಿಸಲಾದ ‘ಕ್ರಿಯೇಟ್’ ವರದಿಯಲ್ಲಿ, ಲಕ್ಷಣ ಕಾಣಿಸಿದ ಹೊತ್ತಿನಿಂದ ಆಸ್ಪತ್ರೆ ತಲಪುವವರೆಗಿನ ಮಧ್ಯಮ ಅವಧಿ 360 ನಿಮಿಷ. ಆರು ಗಂಟೆ! ಅಷ್ಟರಲ್ಲಿ, ಮುಚ್ಚಿದ ಧಮನಿಯಿಂದ ರಕ್ತ ಪಡೆಯುತ್ತಿದ್ದ ಭಾಗದ ಹೃದಯದ ಸ್ನಾಯು ಬಹುಪಾಲು ಸತ್ತಿರಬಹುದು. ವಾರ್ಷಿಕ ಟ್ರೆಡ್‌ಮಿಲ್ ಈ ಆರು ಗಂಟೆಯಲ್ಲಿ ಒಂದು ನಿಮಿಷವನ್ನೂ ಕಡಿತ ಮಾಡಲಾರದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ತಜ್ಞರಿಗೆ ಕಳುಹಿಸುವ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ರೂಪಿಸಲಾಗಿದೆ. ತಮ್ಮ ಗೋದಾಮಿಗೆ ಹತ್ತಿರದಲ್ಲಿ ಆ ಸೌಲಭ್ಯ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ಆದುದರಿಂದ ಸಂಸ್ಥೆಯ ಕಾರ್ಯಕಾರಿ ಸಮಿತಿಯು ಸದಸ್ಯರಿಗಾಗಿ ಆಸ್ಪತ್ರೆಗಳೊಂದಿಗೆ ರಿಯಾಯಿತಿ ದರದ ಒಪ್ಪಂದ ಮಾಡಿಕೊಳ್ಳುವಾಗ ಟ್ರೆಡ್‌ಮಿಲ್, ಎಕೋ ಮತ್ತು ಸಿ.ಟಿ.ಗಳನ್ನು ಪ್ಯಾಕೇಜಿನಿಂದ ಬೇರ್ಪಡಿಸಿ, ವೈದ್ಯರು ಸಂದರ್ಶಿಸಿ ಬರಹದಲ್ಲಿ ಸೂಚಿಸಿದವರಿಗೆ ಮಾತ್ರ ಅದೇ ರಿಯಾಯಿತಿಯಲ್ಲಿ ದೊರೆಯುವಂತೆ ಷರತ್ತು ಹಾಕಬೇಕೆಂದು ಕೋರುತ್ತೇನೆ. ಎದೆಯಲ್ಲಿ ಒತ್ತಡ, ಶ್ರಮದಲ್ಲಿ ಏದುಸಿರು ಇರುವವರು ಶಿಬಿರಕ್ಕೆ ಕಾಯದೆ ಅಂದೇ ವೈದ್ಯರನ್ನು ಕಾಣತಕ್ಕದ್ದು. ಉಳಿತಾಯವಾಗುವ ಹಣದಲ್ಲಿ ಪ್ರತಿ ಕೈಗಾರಿಕಾ ವಸಾಹತುವಿನ ಸಂಘದ ಕಚೇರಿಗೆ ರಕ್ತದೊತ್ತಡದ ಉಪಕರಣ, ಇ.ಸಿ.ಜಿ. ಯಂತ್ರ ಮತ್ತು ಅದನ್ನು ಬಳಸಬಲ್ಲ ತರಬೇತಾದ ಒಬ್ಬರನ್ನು ಒದಗಿಸಬಹುದು. ಹಮಾಲರು, ಲಾರಿ ಚಾಲಕರು, ಗುಮಾಸ್ತರು ಅದನ್ನು ಬಳಸುವಂತಿರಬೇಕು. ಪ್ಯಾಕೇಜು ಕೊಳ್ಳುವವರ ಪಟ್ಟಿಯಲ್ಲಿ ಅವರ ಹೆಸರು ಇದುವರೆಗೆ ಇಲ್ಲ. ಮುಂಬರುವ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ಗೌರವ ಕಾರ್ಯದರ್ಶಿಯವರಿಗೆ ಪ್ರತ್ಯೇಕವಾಗಿ ಪತ್ರ ಬರೆದಿದ್ದೇನೆ.