ತೋಪಿನಲ್ಲಿ ಇಳಿದುಕೊಂಡ ಕವಿ

ವಾಡಿಯಿಂದ ಸಿಕಂದರಾಬಾದಿನ ಕಡೆ ಹೊರಟ ರೈಲು ಚಿತ್ತಾಪುರ ದಾಟಿ, ಸೇಡಂ ಮುಟ್ಟುವ ಮೊದಲು ಮಳಖೇಡ ರೋಡ್ ನಿಲ್ದಾಣ ಬರುತ್ತದೆ. ಅಲ್ಲಿಂದ ಆಚೆಗೆ, ಕಾಗಿಣಾ ದಂಡೆಯ ಮೇಲೆ, ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ದ ನೆನಪಿಗಾಗಿ ನಾವು ಈ ಊರಿಗೆ ಕೈಮುಗಿಯುತ್ತೇವೆ. ಇಲ್ಲೇ ಕೂತು ಅಪಭ್ರಂಶದಲ್ಲಿ ಬರೆದ ಪುಷ್ಪದಂತನನ್ನು ಮಾತ್ರ ಮರೆತಿದ್ದೇವೆ. ನೆಲೆ ತಪ್ಪಿದವನ ಕಾವ್ಯ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವವನು ಅವನೇ.

ಹಿಂದೊಬ್ಬ ಅರಸನನ್ನು ಹಾಡಿ ಹೊಗಳಿ, ಕಡೆಗೆ ಅವಮಾನ ಉಂಡು, ದೂರದ ದಾರಿ ಸವೆಸಿ ಬಂದ ಆತ ಊರ ಹೊರಗಿನ ತೋಪಿನಲ್ಲಿ ಇಳಿದುಕೊಂಡ. ಒಳಗೆ ಯಾಕೆ ಬರಬಾರದು ಎಂದು ಇಬ್ಬರು ಬಂದು ಕೇಳಿದರು. ದುರ್ಜನರ ಗಂಟಿಕ್ಕಿದ ಹುಬ್ಬು ನೋಡುವುದಕ್ಕಿಂತ ಬೆಟ್ಟದ ಗವಿಯಲ್ಲಿ ಸಿಕ್ಕಿದ್ದು ತಿಂದು ಬದುಕುವುದೇ ವಾಸಿ ಎಂಬರ್ಥದ ಉತ್ತರ ಕೊಟ್ಟ. ತನ್ನ ‘ಮಹಾಪುರಾಣ’ ಕಾವ್ಯದ ಮೊದಲಲ್ಲಿ ತಾನೇ ಹೇಳಿಕೊಂಡ ಸಂಗತಿ ಇದು. ‘ಅಭಿಮಾನಮೇರು’ ಎಂಬುದು ಅವನ ಬಿರುದು.

ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ಭರತ ಅವನನ್ನು ಮನೆಗೆ ಕರೆತಂದು ಬರೆಯಲು ಒಪ್ಪಿಸಿದ. 959ರಲ್ಲಿ ತೊಡಗಿದ ‘ಮಹಾಪುರಾಣ’ 965ರಲ್ಲಿ 102 ಸಂಧಿಗಳಾಗಿ ಮುಗಿಯಿತು. ನಡುವೆ ಕವಿ ಮನಸ್ಸು ಕುಂದಿ ನಿಂತುಬಿಟ್ಟಿದ್ದ. ಸರಸ್ವತಿ ಕನಸಿಗೆ ಬಂದಳು, ಭರತ ಧೈರ್ಯ ಹೇಳಿದ. ಆಶ್ರಯ ಸಿಕ್ಕ ಮೇಲೂ ಹಳೆಯ ಗಾಯ ಮಾಯ್ದಿರಲಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

972ರ ಸುಮಾರಿಗೆ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಅತ್ತ ಧಾರಾನಗರದಲ್ಲಿ ಧನಪಾಲ ತನ್ನ ತಂಗಿ ಸುಂದರಿಗಾಗಿ ‘ಪಾಇಅಲಚ್ಛೀ’ ಎಂಬ ಪ್ರಾಕೃತ ನಿಘಂಟು ಬರೆದು, ಅದರ ಕಾಲ ತಿಳಿಸಲು ಈ ಲೂಟಿಯನ್ನೇ ಗುರುತಾಗಿ ಹೇಳಿದ. ಇತ್ತ ಪುಷ್ಪದಂತನ ಸಂಸ್ಕೃತ ಪದ್ಯವೊಂದು ‘ಮಹಾಪುರಾಣ’ದ ಹಸ್ತಪ್ರತಿಗಳಲ್ಲಿ ಉಳಿದಿದೆ. ದೀನರಿಗೆ, ಅನಾಥರಿಗೆ ಆಸ್ತಿಯಂತಿದ್ದ, ಜನ ತುಂಬಿದ, ಹೂಬಳ್ಳಿಗಳ ತೋಟವಿದ್ದ ಊರನ್ನು ಅದರಲ್ಲಿ ನೆನೆಯುತ್ತಾನೆ. ಆ ಊರು ಧಾರೆಯ ದೊರೆಯ ಕೋಪದ ಬೆಂಕಿಗೆ ಬೆಂದಿತು, ಪುಷ್ಪದಂತ ಇನ್ನೆಲ್ಲಿ ಇರಬೇಕು ಎಂದು ಕೇಳುತ್ತಾನೆ. ತೋಪಿನಲ್ಲಿ ಇಳಿದಿದ್ದವನಿಗೆ ಕೊನೆಗೂ ಕಣ್ಣಿಗೆ ಕಟ್ಟಿದ್ದು ಬಳ್ಳಿ, ತೋಟ. ಭರತನ ಮಗ ನನ್ನ ಎಂಬಾತ ಅವನನ್ನು ಸಾಕಿದ. ‘ಣಾಯಕುಮಾರಚರಿಉ’, ‘ಜಸಹರಚರಿಉ’ ಆ ಮನೆಯ ಋಣದಲ್ಲಿ ಹುಟ್ಟಿದವು.

ಮಳಖೇಡದ ಸುತ್ತ ಇಂದು ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ. ಸೇಡಂ, ಚಿಂಚೋಳಿಯ ಹಳ್ಳಿ, ತಾಂಡಾಗಳ ಎಷ್ಟೋ ಮಕ್ಕಳ ತಂದೆತಾಯಿ ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ರಾಷ್ಟ್ರಕೂಟ ಅರಸ ಅಮೋಘವರ್ಷನ ಪಾಠದ ಜೊತೆಗೆ ಆ ಮಕ್ಕಳಿಗೆ ಪುಷ್ಪದಂತನ ಕಥೆಯನ್ನೂ ಹೇಳಬೇಕು. ಬರೆದದ್ದು ಕನ್ನಡದಲ್ಲಲ್ಲ ಎಂಬ ಕಾರಣಕ್ಕೆ ಕಾಗಿಣಾ ದಂಡೆಯ ಕವಿಯನ್ನು ಊರ ಹೊರಗೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.