ಆಲೂರಿನ 22 ಆನೆಗಳ ಲೆಕ್ಕ ಮೊದಲು ಕೊಡಿ

ಭದ್ರಾ ಅಭಯಾರಣ್ಯದಲ್ಲಿ ಸುಮಾರು 2,000 ಹೆಕ್ಟೇರ್ ಜಾಗದಲ್ಲಿ ‘ಆನೆ ವಿಹಾರಧಾಮ’ ಮಾಡಿ, ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟಗಳಲ್ಲಿ ಹಿಡಿದ ಕಾಡಾನೆಗಳನ್ನು ಅಲ್ಲಿಗೆ ಬಿಡುವ ಯೋಜನೆಯನ್ನು ಸರ್ಕಾರ ಮುಂದಿಟ್ಟ ಮೇಲೆ ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆ ಸ್ವಲ್ಪ ಸಮಾಧಾನ ಕಾಣುತ್ತಿದೆ. ಅಂತೂ ಆನೆ ಸಾಗಿಸುತ್ತಾರೆ ಎಂಬ ಸಮಾಧಾನ. ದಶಕಗಳಿಂದ ಬೆಳೆ, ಬೇಲಿ, ಹೆತ್ತವರು, ಮಕ್ಕಳನ್ನು ಕಳೆದುಕೊಂಡ ಜನರಿಗೆ ಹಾಗನ್ನಿಸುವುದು ಸಹಜ. ಆದರೆ ಈ ಯೋಜನೆ ಕೊಡಗಿನಲ್ಲಿ ಒಂದು ಜೀವವನ್ನೂ ಬಹುಕಾಲ ಉಳಿಸುವುದಿಲ್ಲ. ಇದನ್ನು ಊಹೆಯಿಂದ ಹೇಳುತ್ತಿಲ್ಲ. ಪಕ್ಕದ ಜಿಲ್ಲೆಯಲ್ಲಿ ಇದೇ ಪ್ರಯೋಗ ಆಗಿಹೋಗಿದೆ. ಅದರ ಫಲಿತಾಂಶವೂ ನಮ್ಮ ಕಣ್ಣೆದುರಿಗೇ ಇದೆ.

ಆನೆಯ ಚರ್ಚೆ ಬಂದಾಗಲೆಲ್ಲ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ: 6,395. 2023ರ ಗಣತಿಯಲ್ಲಿ ರಾಜ್ಯಕ್ಕೆ ಸಿಕ್ಕ ಆನೆಗಳ ಸಂಖ್ಯೆ ಅದು. 2017ರಲ್ಲಿ 6,049 ಇತ್ತು. ಆನೆ ಹೆಚ್ಚಾಯಿತು, ಕಾಡು ಸಾಲದಾಯಿತು, ಹೊರಗೆ ಬಂದವು, ಆದ್ದರಿಂದ ಹಿಡಿಯಬೇಕು ಎಂದು ವಾದ ಅಲ್ಲಿಗೇ ಮುಗಿದುಹೋಗುತ್ತದೆ. 2025ರಲ್ಲಿ ಹೊರಬಂದ ಡಿಎನ್‌ಎ ಆಧಾರಿತ ಅಂದಾಜು 6,013 ಎನ್ನುತ್ತದೆ. ಎಣಿಸುವ ವಿಧಾನವೇ ಬೇರೆಯಾದ್ದರಿಂದ ಆನೆ ಕಡಿಮೆಯಾಯಿತು ಎನ್ನಲೂ ಬಾರದು. ಇಡೀ ರಾಜ್ಯದ ಸಂಖ್ಯೆ ಹಿಡಿದುಕೊಂಡು ಮಾಲ್ದಾರೆಯ ಒಂದು ತೋಟದಲ್ಲಿ ನಾಳೆ ಬೆಳಿಗ್ಗೆ ಏನಾದೀತು ಎಂದು ಯಾರೂ ಹೇಳಲಾರರು. ಅದು ತಿಳಿಯಬೇಕಾದರೆ ನೋಡಬೇಕಾದ ಸಂಖ್ಯೆ 22.

ಹೈಕೋರ್ಟ್ ರಚಿಸಿದ ಆನೆ ಕಾರ್ಯಪಡೆ ಪ್ರೊ. ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ 2012ರಲ್ಲಿ ವರದಿ ಕೊಟ್ಟಿತು. ಆನೆ ಉಳಿಯಬೇಕಾದ ವಲಯ, ಜನರೂ ಆನೆಯೂ ಜೊತೆಗಿರಬೇಕಾದ ವಲಯ, ಆನೆಯನ್ನು ತೆಗೆಯಬೇಕಾದ ವಲಯ ಎಂದು ಮೂರಾಗಿ ವಿಂಗಡಿಸಿತು. ಹಾಸನ ಜಿಲ್ಲೆಯ ಆಲೂರು ಭಾಗ ಬಂದದ್ದು ಮೂರನೆಯದರಲ್ಲಿ. ಅದರಂತೆ 2014ರಲ್ಲಿ ಸಾಕಾನೆಗಳನ್ನು ಕಟ್ಟಿಕೊಂಡು, ಅರಿವಳಿಕೆ ಕೊಟ್ಟು, ಆ ಭಾಗದಿಂದ 22 ಆನೆಗಳನ್ನು ಹಿಡಿಯಲಾಯಿತು. ಸ್ವತಂತ್ರ ಭಾರತದಲ್ಲಿ ಒಂದು ಸಣ್ಣ ಪ್ರದೇಶವನ್ನು ಆನೆಮುಕ್ತ ಮಾಡಲು ನಡೆದ ದೊಡ್ಡ ಕಾರ್ಯಾಚರಣೆಗಳಲ್ಲಿ ಅದೂ ಒಂದು. ಇಲಾಖೆಯ ಸಿಬ್ಬಂದಿ, ಮಾವುತರು, ಕಾವಾಡಿಗಳು ಪ್ರಾಣ ಪಣಕ್ಕಿಟ್ಟು ದುಡಿದರು. ಅವರ ಕೆಲಸದಲ್ಲಿ ಕೊರತೆಯೇನೂ ಇರಲಿಲ್ಲ.

ಆಮೇಲೇನಾಯಿತು? ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಕೊಡಗಿನ ಉತ್ತರದ ಅಂಚಿನ ಕಟ್ಟೇಪುರ ಕಾಡು, ಹೇಮಾವತಿ ಹಿನ್ನೀರಿನ ಹಾದಿ ಮೊದಲಿನಂತೆಯೇ ತೆರೆದಿದ್ದವು. ತೋಟಗಳಲ್ಲಿ ನೀರು, ನೆರಳು, ಹಲಸು, ಬಾಳೆ ಹಾಗೆಯೇ ಇದ್ದವು. ಕೆಲವೇ ವರ್ಷಗಳಲ್ಲಿ ಹಾಸನದ ತೋಟಗಳಲ್ಲಿ ಆನೆಗಳ ಸಂಖ್ಯೆ ಹಿಂದಿನಷ್ಟೇ ಆಗಿ, ಅದನ್ನೂ ಮೀರಿತು. 2023ರ ಆಗಸ್ಟ್ 31ರಂದು ಅದೇ ಆಲೂರು ತಾಲ್ಲೂಕಿನಲ್ಲಿ, ಇನ್ನೊಂದು ಆನೆಯೊಂದಿಗೆ ಕಾದಾಡಿ ಗಾಯಗೊಂಡಿದ್ದ ಸಲಗಕ್ಕೆ ಚಿಕಿತ್ಸೆ ಕೊಡಿಸಲು ಹೋದ, ಅರಿವಳಿಕೆ ಹಾರಿಸುವುದರಲ್ಲಿ ಪಳಗಿದ ಹಿರಿಯರೊಬ್ಬರು ಅದರ ಕಾಲಿಗೆ ಸಿಕ್ಕಿ ಸತ್ತರು. ಆನೆಯನ್ನೆಲ್ಲ ತೆಗೆದ ತಾಲ್ಲೂಕಿನಲ್ಲಿ ಒಂಬತ್ತೇ ವರ್ಷಕ್ಕೆ ಸಲಗಗಳು ತಮ್ಮತಮ್ಮಲ್ಲೇ ಹೊಡೆದಾಡುವಷ್ಟಾಗಿದ್ದವು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ, ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ ಸಾಕಾನೆ ಅರ್ಜುನ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ದಾಳಿಗೆ ಬಲಿಯಾದ. ಅವನಿಗೆ 60 ದಾಟಿತ್ತು. ಅರ್ಜುನನಿಗಾಗಿ ರಾಜ್ಯವೇ ಕಣ್ಣೀರಿಟ್ಟಿತು. ಆದರೆ 22 ಆನೆ ಹಿಡಿದ ಜಿಲ್ಲೆಯಲ್ಲಿ ಮತ್ತೆ ಅವನ ಅಗತ್ಯ ಏಕೆ ಬಂತು ಎಂದು ಗಟ್ಟಿಯಾಗಿ ಕೇಳಿದವರು ಎಷ್ಟು ಮಂದಿ?

ಒರತೆಯ ಬಾವಿಯನ್ನು ಮೊಗೆದು ಒಣಗಿಸಲಾಗದು. ಹಾಸನದಲ್ಲಿ ನಡೆದದ್ದು ಅದು. ಕೊಡಗಿನಲ್ಲಿ ಒರತೆ ಇನ್ನೂ ಹತ್ತಿರ. ಪೂರ್ವಕ್ಕೆ 643 ಚದರ ಕಿಲೋಮೀಟರಿನ ನಾಗರಹೊಳೆ, ದಕ್ಷಿಣಕ್ಕೆ ಬ್ರಹ್ಮಗಿರಿ, ನಡುವೆ ದುಬಾರೆ, ಮಾವುಕಲ್, ದೇವಮಚ್ಚಿ, ಆನೆಕಾಡು ಮೀಸಲು ಅರಣ್ಯಗಳು. ಇವುಗಳಿಗೆ ಅಂಟಿಕೊಂಡೇ ತೋಟ. ಇಲ್ಲಿಂದ ಎಷ್ಟು ಆನೆ ಸಾಗಿಸಿದರೆ ಮುಗಿಯುತ್ತದೆ?

ಸಾಗಿಸಿದ ಆನೆ ಬಿಟ್ಟಲ್ಲೇ ಇರುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಶ್ರೀಲಂಕಾದಲ್ಲಿ ಉಪದ್ರವಿ ಎನಿಸಿದ 12 ಸಲಗಗಳಿಗೆ ಜಿಪಿಎಸ್ ಕಾಲರ್ ಹಾಕಿ ರಾಷ್ಟ್ರೀಯ ಉದ್ಯಾನಗಳಿಗೆ ಬಿಟ್ಟು ಗಮನಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬಹುತೇಕ ಆನೆಗಳು ಉದ್ಯಾನದೊಳಗೆ ನಿಲ್ಲಲಿಲ್ಲ. ಕೆಲವು ಹಳೆಯ ಊರಿನ ದಾರಿ ಹಿಡಿದವು, ಕೆಲವು ದಿಕ್ಕಿಲ್ಲದೆ ಅಲೆದವು, ಕೆಲವು ಹೊಸ ಊರಿನಲ್ಲಿ ಹಳೆಯ ಉಪಟಳ ಶುರುಮಾಡಿದವು. ಸಾಗಾಟದಿಂದ ಸಂಘರ್ಷ ಹರಡಿತು, ಆನೆಗಳ ಸಾವೂ ಹೆಚ್ಚಿತು ಎಂಬುದು ಆ ಅಧ್ಯಯನದ ತೀರ್ಮಾನ. ಭದ್ರಾದಲ್ಲಿ ಗುರುತಿಸಿರುವ 2,000 ಹೆಕ್ಟೇರ್ ಎಂದರೆ 20 ಚದರ ಕಿಲೋಮೀಟರ್. ನೀಲಗಿರಿ ಭಾಗದಲ್ಲಿ ರೇಡಿಯೊ ಕಾಲರ್ ಹಾಕಿ ಅಭ್ಯಸಿಸಿದ ಹೆಣ್ಣಾನೆ ಹಿಂಡುಗಳ ಓಡಾಟದ ವ್ಯಾಪ್ತಿ 500 ಚದರ ಕಿಲೋಮೀಟರ್ ಮೀರಿತ್ತು. ಇಪ್ಪತ್ತರಲ್ಲಿ ಅವನ್ನು ಹಿಡಿದಿಡಬೇಕಾದರೆ ಬಲವಾದ ಬೇಲಿ ಬೇಕು, ಮೇವು ಹಾಕಬೇಕು, ಸದಾ ಕಾವಲಿರಬೇಕು. ಅದು ಇನ್ನೊಂದು ಆನೆ ಶಿಬಿರವೇ ಆಗುತ್ತದೆ. ಬೇಲಿ ಸಡಿಲವಾದ ದಿನ ಚಿಕ್ಕಮಗಳೂರಿನ ಬೆಳೆಗಾರ ಕೊಡಗಿನ ಆನೆಯನ್ನು ಎದುರಿಸಬೇಕಾಗುತ್ತದೆ.

ಆನೆ ತೋಟಕ್ಕೆ ಬರುವುದಲ್ಲ, ತೋಟದಲ್ಲೇ ಇರುವುದು ಎಂಬುದನ್ನು ಬೆಳೆಗಾರರೇ ವರ್ಷಗಳಿಂದ ಹೇಳುತ್ತಿದ್ದಾರೆ. ಮರಿ ಹಾಕುವುದೂ ಅಲ್ಲೇ. ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಂಶೋಧಕರೂ ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನ, ಲದ್ದಿಯಲ್ಲಿ ಕಾಫಿ ಬೀಜ ಸಿಗುತ್ತಿರುವುದನ್ನು ದಾಖಲಿಸಿತ್ತು. ಹಲಸು ಹುಡುಕಿಕೊಂಡು ಬಂದ ಪ್ರಾಣಿ ಕಾಫಿ ಹಣ್ಣು ತಿನ್ನಲೂ ಕಲಿತಿದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮೀಸಲು ಅರಣ್ಯದ ತೇಗದ ನೆಡುತೋಪು ಎಲೆ ಉದುರಿಸಿ ನಿಂತಿರುತ್ತದೆ. ಅದೇ ಹೊತ್ತಿಗೆ ರೊಬಸ್ಟಾ ಹೂ ಬಿಡಲೆಂದು ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ, ಅದಕ್ಕೆಂದೇ ತೋಡಿದ ಕೆರೆ ತುಂಬಿರುತ್ತದೆ. ಲಂಟಾನ ಹಬ್ಬಿದ ಕಾಡಿಗೂ ಈ ತೋಟಕ್ಕೂ ನಡುವೆ ಆನೆ ಯಾವುದನ್ನು ಆರಿಸಿಕೊಳ್ಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಿತ್ತನೆ ನಿಂತು ಪಾಳು ಬಿದ್ದ ಗದ್ದೆಗಳೂ ಈಗ ಹುಲ್ಲುಗಾವಲಾಗಿವೆ.

ರೈಲು ಕಂಬಿ ಬೇಲಿಯ ಬಗ್ಗೆಯೂ ಇದೇ ಕಾರಣಕ್ಕೆ ನನಗೆ ಅನುಮಾನ. ಕಿಲೋಮೀಟರಿಗೆ ಕೋಟಿ ರೂಪಾಯಿ ಮೀರುವ ಈ ಬೇಲಿ ಕಾಡು ಮತ್ತು ತೋಟದ ಗಡಿಯಲ್ಲಿ ನಿಲ್ಲುತ್ತದೆ. ತೋಟದೊಳಗೆ ಆಗಲೇ ನೆಲೆಸಿದ ಆನೆಗೆ ಅದು ಕಾಡಿಗೆ ಮರಳುವ ದಾರಿಯನ್ನೇ ಮುಚ್ಚುತ್ತದೆ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯಲ್ಲಿ ಸಲಗವೊಂದು ಸತ್ತದ್ದು ಈ ಕಂಬಿಯನ್ನು ದಾಟಿ ಕಾಡಿಗೆ ಹಿಂದಿರುಗಲು ಹೋಗಿ. ಗದ್ದೆ, ಹೊಲಗಳ ಅಂಚಿನಲ್ಲಿ ಈ ಬೇಲಿ ಕೆಲಸ ಮಾಡೀತು. ಕಾಫಿ ನಾಡಿನಲ್ಲಿ ಮೊದಲು ಕೇಳಬೇಕಾದದ್ದು ಆನೆ ಬೇಲಿಯ ಯಾವ ಬದಿಗಿದೆ ಎಂದು.

ಇನ್ನು ಸಾಯುವವರ ವಿಚಾರ. ಸಾವಿನ ಮರುದಿನ ನಾವೆಲ್ಲ ಆನೆಯ ಬಗ್ಗೆ ಮಾತಾಡುತ್ತೇವೆ. ಯಾವ ಆನೆ, ಒಂಟಿಯೋ ಹಿಂಡೋ, ಮದ ಬಂದಿತ್ತೋ. ಸತ್ತವರು ಯಾರು, ಆ ಹೊತ್ತಿನಲ್ಲಿ ಅಲ್ಲಿ ಏಕಿದ್ದರು ಎಂಬುದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಕೊಡಗಿನ ಸುದ್ದಿಗಳನ್ನು ಓದುತ್ತ ಬಂದವರಿಗೆ ಆ ಸಾಲು ಬಾಯಿಪಾಠವಾಗಿರುತ್ತದೆ. ಮಂಜು ಕವಿದ ಬೆಳಿಗ್ಗೆ ಲೈನ್ ಮನೆಯಿಂದ ಕೆಲಸಕ್ಕೆ ನಡೆದು ಹೋಗುತ್ತಿದ್ದ ಮಹಿಳೆ. ಸಂಜೆ ಬಸ್ಸಿಳಿದು ತೋಟದ ದಾರಿ ಹಿಡಿದ ಕಾರ್ಮಿಕ. ಬಹಿರ್ದೆಸೆಗೆ ಹೋದ ಹಾಡಿಯ ಹಿರಿಯ. ಬೈಕಿನಲ್ಲಿ ತಿರುವು ದಾಟಿದ ಯುವಕ. ಹುಲಿಯ ವಿಷಯದಲ್ಲೂ ಹಾಗೆಯೇ. 2023ರ ಫೆಬ್ರುವರಿಯಲ್ಲಿ ಕುಟ್ಟ ಸಮೀಪದ ಕೆ. ಬಾಡಗದಲ್ಲಿ ಒಂದು ದಿನದ ಅಂತರದಲ್ಲಿ ಹುಲಿಗೆ ಬಲಿಯಾದ ಇಬ್ಬರೂ ಒಂದೇ ಕುಟುಂಬದವರು, ಹುಣಸೂರು ಕಡೆಯಿಂದ ಬಂದ ತೋಟದ ಕೂಲಿ ಕುಟುಂಬದವರು. ಇವನ್ನೆಲ್ಲ ವನ್ಯಜೀವಿ ದಾಳಿ ಎಂದು ಅರಣ್ಯ ಇಲಾಖೆಯ ಕಡತಕ್ಕೆ ಸೇರಿಸಿ ಉಳಿದವರು ಕೈತೊಳೆದುಕೊಂಡದ್ದೇ ನಮ್ಮ ದೊಡ್ಡ ತಪ್ಪು. ಇವುಗಳಲ್ಲಿ ಹೆಚ್ಚಿನವು ಕೆಲಸದ ಸ್ಥಳದಲ್ಲಿ, ಕೆಲಸದ ದಾರಿಯಲ್ಲಿ ಆದ ಸಾವುಗಳು. ಕಾರ್ಮಿಕ ಇಲಾಖೆಗೆ, ಕಾಫಿ ಮಂಡಳಿಗೆ, ತೋಟದ ಮಾಲೀಕರಿಗೆ ಇದರಲ್ಲಿ ಹೊಣೆಯಿದೆ.

ಆನೆಗಳ ನಡುವೆಯೇ ಜನರ ಸಾವು ತಗ್ಗಿಸಬಹುದು ಎಂದು ತಮಿಳುನಾಡಿನ ವಾಲ್ಪಾರೈ ಮಾಡಿ ತೋರಿಸಿದೆ. ಚಹಾ, ಕಾಫಿ ತೋಟಗಳ ನಾಡು ಅದು. ಸುತ್ತಲೂ ಕಾಡು, ತೋಟದೊಳಗೆ ಆನೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಲ್ಲಿ ಒಂದೊಂದು ಸಾವನ್ನೂ ಬಿಡಿಸಿ ನೋಡಿದಾಗ, ಸತ್ತವರಲ್ಲಿ ಬಹುಪಾಲು ಮಂದಿಗೆ ಆನೆ ಹತ್ತಿರದಲ್ಲಿದೆ ಎಂಬುದೇ ಗೊತ್ತಿರಲಿಲ್ಲ ಎಂದು ತಿಳಿಯಿತು. ಹಾಗಾದರೆ ಗೊತ್ತುಪಡಿಸೋಣ ಎಂದು ಹೊರಟರು. ಸಂಜೆ ಟಿವಿಯಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿ, ಊರಿನವರ ಮೊಬೈಲಿಗೆ ಸಂದೇಶ, ಎತ್ತರದ ಜಾಗಗಳಲ್ಲಿ ಫೋನ್ ಕರೆಯಿಂದಲೇ ಹೊತ್ತಿಕೊಳ್ಳುವ ಕೆಂಪು ದೀಪ. ದೀಪ ಉರಿದರೆ ಸುತ್ತಮುತ್ತ ಆನೆಯಿದೆ ಎಂದರ್ಥ. ಓದು ಬಾರದವರಿಗೂ ತಿಳಿಯುತ್ತದೆ. ಆನೆಗಳು ಅಲ್ಲೇ ಉಳಿದವು, ಜನರ ಸಾವು ಇಳಿಯಿತು. ಹಾಸನದಲ್ಲೂ ಇದೇ ಮಾದರಿಯ ಎಚ್ಚರಿಕೆ ವ್ಯವಸ್ಥೆ ಬಂದದ್ದು 22 ಆನೆ ಹಿಡಿದು ಫಲ ಸಿಗದ ಮೇಲೆ. ಕೊಡಗಿನಲ್ಲಿ ಇಲಾಖೆಯ ಪಡೆಗಳು ಸಂದೇಶ ಕಳಿಸುತ್ತವೆ, ರಾತ್ರಿಯೆಲ್ಲ ಓಡಾಡುತ್ತವೆ. ಆದರೆ ಸಂದೇಶ ತೋಟದ ರೈಟರ್ ಫೋನಿಗೆ ಬಂದು ನಿಂತರೆ ಸಾಲದು. ಸ್ಮಾರ್ಟ್‌ಫೋನ್ ಇಲ್ಲದ ಯರವ, ಪಣಿಯ, ಜೇನುಕುರುಬ ಕೂಲಿಗಳಿಗೆ, ಕನ್ನಡ ಬಾರದ ಅಸ್ಸಾಂ ಕಾರ್ಮಿಕರಿಗೆ ಕತ್ತಲಿರುವಾಗಲೇ ಅದು ತಲುಪಬೇಕು.

ಜನರನ್ನು ಕೊಂದ ಆನೆಯನ್ನು ಗುರುತಿಸಿ ಹಿಡಿಯುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಪದೇಪದೇ ಮನುಷ್ಯರ ಮೇಲೆ ಎರಗುವ ಸಲಗವನ್ನು ಹಿಡಿಯಲೇಬೇಕು, ತಡಮಾಡದೆ ಹಿಡಿಯಬೇಕು, ಕಾನೂನಿನಲ್ಲಿ ಅವಕಾಶವಿದೆ. ಒಂದು ಆನೆ ಹಿಡಿಯುವುದು ಬೇರೆ, ಹಿಡಿದು ಸಾಗಿಸುವುದನ್ನೇ ಜಿಲ್ಲೆಯ ನೀತಿ ಮಾಡಿಕೊಳ್ಳುವುದು ಬೇರೆ. ಎರಡನೆಯದು ಆಲೂರಿನಲ್ಲಿ ಸೋತಿದೆ.

ರಸ್ತೆಯ ಬಗ್ಗೆ ಒಂದು ಮಾತು. ಹುಣಸೂರಿನಿಂದ ಆನೆಚೌಕೂರು, ತಿತಿಮತಿ ಮೂಲಕ ಗೋಣಿಕೊಪ್ಪಕ್ಕೆ ಬರುವ ದಾರಿ, ಆನೆಕಾಡಿನ ನಡುವೆ ಕುಶಾಲನಗರದಿಂದ ಮಡಿಕೇರಿಗೆ ಏರುವ ಹೆದ್ದಾರಿ, ಎರಡರಲ್ಲೂ ಪ್ರವಾಸಿಗರು ಆನೆ ಕಂಡರೆ ವಾಹನ ನಿಲ್ಲಿಸಿ ಇಳಿಯುತ್ತಾರೆ. ಅವರು ಕೆಣಕಿ ಹೋದ ಆನೆ ಎದುರಾಗುವುದು ಹಿಂದಿನಿಂದ ಬರುವ ಸ್ಥಳೀಯ ಬೈಕ್ ಸವಾರನಿಗೆ. ಇಳಿದವರಿಗೆ ದಂಡ ಹಾಕಲು ಯಾವ ಹೊಸ ಯೋಜನೆಯೂ ಬೇಕಿಲ್ಲ.

ಸಾವಿನ ಪರಿಹಾರ 2022ರ ಕೊನೆಗೆ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿತು. ಏರಿದ್ದು ಸರಿ. ಆದರೆ ಸತ್ತ ಮೇಲೆ ಕೊಡುವ ಹಣಕ್ಕೆ ಕೂಡಲೇ ಆದೇಶ ಬರುತ್ತದೆ, ಸಾಯದಂತೆ ಮಾಡುವ ಸಣ್ಣ ಖರ್ಚಿಗೆ ಬರುವುದಿಲ್ಲ. ಹಾಡಿಗೂ ಲೈನ್ ಮನೆಗೂ ಶೌಚಾಲಯ, ದಾರಿಗೆ ದೀಪ, ಬೆಳಿಗ್ಗೆ ಸಂಜೆ ಕೂಲಿಗಳನ್ನು ಕರೆದೊಯ್ಯಲು ವಾಹನ. ಕಾರ್ಮಿಕರ ವಸತಿ, ಶೌಚಾಲಯ ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ಹಿಡುವಳಿಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಕೊಡಗಿನ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವೇ. ಸರ್ಕಾರದ ದುಡ್ಡು ಸೇರಬೇಕಾದದ್ದು ಅಲ್ಲಿಗೆ.

ಭದ್ರಾಕ್ಕೆ ಮೊದಲ ಲಾರಿ ಹೊರಡುವ ಮುನ್ನ ಅರಣ್ಯ ಇಲಾಖೆ ಆಲೂರಿನ ಲೆಕ್ಕವನ್ನು ಜನರ ಮುಂದಿಡಲಿ. 2014ರಲ್ಲಿ ಹಿಡಿದ 22 ಆನೆಗಳು ಈಗ ಎಲ್ಲಿವೆ, ಎಷ್ಟು ಬದುಕಿವೆ, ಅವುಗಳ ಜಾಗಕ್ಕೆ ಎಷ್ಟು ವರ್ಷದಲ್ಲಿ ಎಷ್ಟು ಆನೆ ಬಂದವು, ಅಲ್ಲಿಂದೀಚೆಗೆ ಎಷ್ಟು ಜನ ಸತ್ತರು. ಬೆಳೆಗಾರರಲ್ಲಿ ನನ್ನ ವಿನಂತಿ ಇಷ್ಟೇ: ಈ ಕೊಯ್ಲಿನಲ್ಲಿ ಮಂಜು ಕರಗುವ ಮೊದಲು ಯಾರನ್ನೂ ತೋಟಕ್ಕೆ ನಡೆಸಿಕೊಂಡು ಕರೆಸಬೇಡಿ. ಜೀಪು ಕಳಿಸಿ. ಜೀಪು ಇಲ್ಲದವರು ನಾಲ್ಕು ಮನೆ ಸೇರಿ ಒಂದು ಪಿಕಪ್ ಗೊತ್ತುಮಾಡಿಕೊಳ್ಳಿ.